ಗರಿಕೆಯ ಗುಪ್ತ ಶತ್ರು

ಗರಿಕೆಯನ್ನು ಅರಿಯದವರು ನಮ್ಮಲ್ಲಿ ಯಾರೂ ಇಲ್ಲ. ಹೊಲದ ಬದುವಿನಲ್ಲಿಯೂ ಕಾಲುದಾರಿಯ ಅಂಚಿನಲ್ಲಿಯೂ ತಾನಾಗಿ ಹಬ್ಬುವ ಈ ಹುಲ್ಲನ್ನು ರೈತರು ಕಿತ್ತು ಕಿತ್ತು ಬೇಸತ್ತಿರುವರು. ಒಂದು ಗಿಣ್ಣು ಮಣ್ಣಿನಲ್ಲಿ ಉಳಿದರೂ ಸಾಕು, ಮುಂದಿನ ಮಳೆಗೆ ಅದು ಪುನಃ ಚಿಗುರುವದು. ಇಂಥ ಹಟಮಾರಿ ಹುಲ್ಲೂ ಅಂಗುಲದ ಎಂಟನೆಯ ಒಂದು ಪಾಲಿನಷ್ಟು ಮಾತ್ರ ಉದ್ದವಾದ ಹುಳುವಿನಿಂದ ಸೊರಗಿ ಸಾಯುವದುಂಟೆಂದರೆ ವಾಚಕರಿಗೆ ಆಶ್ಚರ್ಯವಾದೀತು.

ಇದು ನಡೆಯುವದು ಅಮೇರಿಕದ ಸಂಯುಕ್ತ ಸಂಸ್ಥಾನಗಳ ಆಗ್ನೇಯ ಭಾಗದಲ್ಲಿ, ವಿಶೇಷವಾಗಿ ಫ್ಲಾರಿಡಾ ಪ್ರಾಂತದಲ್ಲಿ. ಅಲ್ಲಿಯವರು ಗರಿಕೆಯನ್ನು ಬರ್ಮ್ಯೂಡಾ ಹುಲ್ಲೆಂದು ಕರೆದು, ಆಟದ ಬೈಲುಗಳಲ್ಲಿಯೂ ಮನೆಯ ಅಂಗಳಗಳಲ್ಲಿಯೂ ಬಹು ಪ್ರೀತಿಯಿಂದ ಬೆಳೆಸುವರು. ಬಿಸಿಲು ಏರಿದಷ್ಟೂ ಹುಲುಸಾಗುವದು ಇದರ ಗುಣ. ಜಾರ್ಜಿಯ ಪ್ರಾಂತದ ಟಿಫ್ಟನ್ ಎಂಬ ಊರಿನಲ್ಲಿ ಇದನ್ನು ಆಫ್ರಿಕದ ಇನ್ನೊಂದು ಜಾತಿಯೊಡನೆ ಕೂಡಿಸಿ, ರತ್ನಗಂಬಳಿಯಂತೆ ನವುರಾದ ತಳಿಗಳನ್ನು ಪಡೆದಿರುವರು. 1956ರಲ್ಲಿ ಹೊರಬಂದ ಟಿಫ್‌ಗ್ರೀನ್ ಅವುಗಳಲ್ಲೊಂದು.

ಆ ಹುಳುವು ನೆಮಟೋಡ್ ಎಂಬ ದೊಡ್ಡ ವರ್ಗಕ್ಕೆ ಸೇರಿದ್ದು. ನಮ್ಮ ಕೃಷಿಶಾಸ್ತ್ರಜ್ಞರು ಇವನ್ನು ಜಂತುಹುಳುಗಳೆನ್ನುವರು. ಇವು ಎರೆಹುಳುವಿನ ಬಳಗದವಲ್ಲ. ಒಂದು ಹಿಡಿ ತೋಟದ ಮಣ್ಣಿನಲ್ಲಿ ಇಂಥವು ನೂರಾರು ಇರುವವು. ಅವುಗಳಲ್ಲಿ ಹೆಚ್ಚಿನವು ಬೂಷ್ಟು, ಸೂಕ್ಷ್ಮಾಣು ಮುಂತಾದವನ್ನು ತಿಂದು ಬದುಕುವ ನಿರಪರಾಧಿಗಳು. ಕೆಲವು ಮಾತ್ರ ಬೇರನ್ನು ಹೀರುವವು. ಬದನೆ, ಟೊಮೇಟೊ ಗಿಡಗಳ ಬೇರುಗಳಲ್ಲಿ ಗಂಟುಗಂಟಾದದ್ದನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಅದೂ ಈ ವರ್ಗದ ಒಂದು ಹುಳುವಿನ ಕೆಲಸವೇ. 1855ರಲ್ಲಿ ಇಂಗ್ಲೆಂಡಿನಲ್ಲಿ ಸೌತೆಬಳ್ಳಿಯ ಬೇರುಗಳ ಇಂಥ ಗಂಟುಗಳನ್ನು ಮೊದಲು ವರ್ಣಿಸಿದವರು ಸಭಾಪಾಲಕರೂ ಸಸ್ಯಶಾಸ್ತ್ರಜ್ಞರೂ ಆಗಿದ್ದ ಬರ್ಕ್ಲಿಯವರು.

ಗರಿಕೆಯ ಪರಮ ವೈರಿಯಾದ ಸ್ಟಿಂಗ್ ನೆಮಟೋಡ್ ಎಂಬುದಾದರೋ ಬೇರಿನೊಳಗೆ ಪ್ರವೇಶಿಸುವದೇ ಇಲ್ಲ. ಮಣ್ಣಿನಲ್ಲಿಯೇ ಇದ್ದುಕೊಂಡು, ಬಾಯೊಳಗಿನ ಉದ್ದವಾದ ಟೊಳ್ಳು ಸೂಜಿಯನ್ನು ಬೇರಿನ ತುದಿಗೆ ಚುಚ್ಚಿ ರಸವನ್ನು ಹೀರುವದು. ಬೇರು ಬೆಳೆಯುವದು ತುದಿಯಿಂದಲೇ ಆದುದರಿಂದ, ಅಲ್ಲಿ ಪೆಟ್ಟು ಬಿದ್ದ ಕೂಡಲೇ ಅದರ ಬೆಳವಣಿಗೆ ನಿಲ್ಲುವದು. ಅಂಥ ಹುಲ್ಲನ್ನು ಕಿತ್ತರೆ ಕತ್ತರಿಯಿಂದ ಕತ್ತರಿಸಿದಂಥ ಮೋಟು ಬೇರುಗಳು ಕಾಣುವವು. ಒಂದು ತಲೆಮಾರು ಮುಗಿಯಲು ಒಂದು ತಿಂಗಳೂ ಬೇಡ.

ಮೋಸವಿರುವದು ಇಲ್ಲಿಯೇ. ನೆಲದ ಮೇಲೆ ಕಾಣುವ ಲಕ್ಷಣಗಳೆಲ್ಲ ಬಾಯಾರಿಕೆಯವು. ಹುಲ್ಲು ಬಾಡುವದು, ಹಳದಿಯಾಗುವದು, ಅಲ್ಲಲ್ಲಿ ತೇಪೆಗಳಂತೆ ತೆಳುವಾಗುವದು. ತೋಟದವನು ನೀರು ಹೊಯ್ಯುವನು. ಗುಣ ಕಾಣದಿದ್ದರೆ ಗೊಬ್ಬರ ಹಾಕುವನು. ಕುಡಿಯುವ ಬಾಯೇ ಇಲ್ಲದವನ ಮುಂದೆ ಕೊಡ ತುಂಬಿಟ್ಟರೆ ಏನು ಫಲ? ಬೇರು ಹೀರದ ಗೊಬ್ಬರವು ನೀರಿನೊಡನೆ ಇಳಿದು ಕೆಳಗಿನ ಅಂತರ್ಜಲವನ್ನು ಕೆಡಿಸುವದು. ಈ ಹುಳುವಿಗೆ ಬೇಕಾದದ್ದು ಮರಳುನೆಲ. ಜೇಡಿಮಣ್ಣಿನಲ್ಲಿ ಅದು ಬಾಳದು. ಫ್ಲಾರಿಡಾದ ನೆಲವೋ ಬಹುಮಟ್ಟಿಗೆ ಮರಳೇ.

ಆ ಮರಳಿನಿಂದಲೇ ಇನ್ನೂ ದೊಡ್ಡ ಅಪಾಯವೊಂದು ಒದಗಿತು. ಹುಳುವನ್ನು ಕೊಲ್ಲಲು ಜನರು ಮಣ್ಣಿಗೆ ವಿಷವನ್ನು ಹಾಕುತ್ತಿದ್ದರು. ಡಿಬಿಸಿಪಿ ಎಂಬ ವಿಷವನ್ನು ತಯಾರಿಸುತ್ತಿದ್ದ ಕ್ಯಾಲಿಫೋರ್ನಿಯದ ಕೆಲಸಗಾರರಲ್ಲಿ ಸಂತಾನಶಕ್ತಿ ನಷ್ಟವಾದದ್ದು 1977ರಲ್ಲಿ ಬಯಲಾಗಿ, 1979ರಲ್ಲಿ ಅದರ ಬಳಕೆಯು ಬಹುತೇಕ ನಿಷೇಧಿಸಲ್ಪಟ್ಟಿತು. ಆಮೇಲೂ ಬಹುಕಾಲ ಹುಲ್ಲುಹಾಸುಗಳಿಗೆ ಫೆನಾಮಿಫಾಸ್ ಎಂಬ ಇನ್ನೊಂದು ವಿಷವೇ ಆಧಾರವಾಗಿತ್ತು. ಅದು ಪಕ್ಷಿಗಳಿಗೆ ಮಾರಕ. ಮರಳಿನ ಮೂಲಕ ಕುಡಿಯುವ ನೀರಿಗೂ ಇಳಿಯಬಲ್ಲದು. ಅಮೇರಿಕದಲ್ಲಿ ಅದರ ತಯಾರಿಕೆಯು 2007ರಲ್ಲಿ ನಿಂತಿತು. ಚೆಂಡು ಸರಾಗವಾಗಿ ಉರುಳಲೆಂದು ಒಂದು ಊರಿನ ಬಾವಿಯನ್ನು ಅಪಾಯಕ್ಕೆ ಒಡ್ಡುವದು ನಮ್ಮ ಎಣಿಕೆಗೆ ಎಂದೂ ನ್ಯಾಯವಾಗಿ ತೋರದು.

ಹುಳುವಿಗೂ ರೋಗವುಂಟೆಂಬದು ಸಮಾಧಾನದ ಸಂಗತಿ. ಪಾಸ್ಚುರಿಯಾ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಹಾದುಹೋಗುವ ಹುಳುವಿನ ಚರ್ಮಕ್ಕೆ ಅಂಟಿಕೊಂಡು, ಒಳಗೆ ಮೊಳೆತು, ಅದರ ದೇಹವನ್ನೇ ಆಹಾರವಾಗಿ ಮಾಡಿಕೊಳ್ಳುವವು. ಫ್ಲಾರಿಡಾದ ಮಣ್ಣಿನಲ್ಲಿ ದೊರೆತ ಇಂಥ ಒಂದು ಜಾತಿಗೆ 2003ರಲ್ಲಿ ಅಮೇರಿಕದ ಸಂಯುಕ್ತ ಸಂಸ್ಥಾನಗಳ ಗಾಲ್ಫ್ ಸಂಘದ ಹೆಸರನ್ನೇ ಇಟ್ಟಿರುವರು! ಇದರ ಕೆಲಸ ನಿಧಾನ.

ನೋಡಿದ ಮಾತ್ರಕ್ಕೆ ರೋಗವನ್ನು ನಿಶ್ಚಯಿಸಲಾಗದು, ಮಣ್ಣನ್ನು ಪರೀಕ್ಷಿಸಬೇಕು. ಗೇನ್ಸ್‌ವಿಲ್ ಪಟ್ಟಣದಲ್ಲಿರುವ ಫ್ಲಾರಿಡಾ ವಿಶ್ವವಿದ್ಯಾಲಯವು ಇದಕ್ಕಾಗಿಯೇ ಪ್ರಯೋಗಶಾಲೆಯೊಂದನ್ನು ಇಟ್ಟಿರುವದು. ಹುಲ್ಲು ಸತ್ತುಹೋದ ತೇಪೆಯ ನಡುವಿನಿಂದ ಮಣ್ಣು ತೆಗೆಯಬಾರದು. ಬೇರಿಲ್ಲದ ಕಡೆ ಹುಳುವೂ ವಿರಳ. ರೋಗದ ಹುಲ್ಲೂ ಹಸುರು ಹುಲ್ಲೂ ಕೂಡುವ ಅಂಚಿನಿಂದ ತೆಗೆದು, ಚೀಲದಲ್ಲಿ ಕಟ್ಟಿ, ಬಿಸಿಲು ತಾಗದಂತೆ ಕಳುಹಿಸಬೇಕು.

ಹುಳುವಿದ್ದರೂ ಹುಲ್ಲನ್ನು ಉಳಿಸಿಕೊಳ್ಳಬಹುದು. ಗಾಲ್ಫ್ ಕುಳಿಯ ಸುತ್ತ ಹುಲ್ಲನ್ನು ಅರ್ಧ ಅಂಗುಲಕ್ಕಿಂತಲೂ ಗಿಡ್ಡವಾಗಿ ಕತ್ತರಿಸುವರು. ಎಲೆಯಲ್ಲಿಯೇ ಆಹಾರವು ತಯಾರಾಗುವದರಿಂದ, ಎಲೆ ಗಿಡ್ಡವಾದರೆ ಬೇರೂ ಗಿಡ್ಡವಾಗುವದು. ಕಳೆದುಕೊಂಡ ತುದಿಯ ಬದಲಿಗೆ ಹೊಸದನ್ನು ಬೆಳೆಸುವ ಶಕ್ತಿ ಅದಕ್ಕೆ ಉಳಿಯದು. ಆದುದರಿಂದ ಅಂಗಳದ ಹುಲ್ಲನ್ನಾದರೂ ಸ್ವಲ್ಪ ಎತ್ತರವಾಗಿ ಬಿಟ್ಟು, ಅದರ ಮೇಲಿನ ತುಳಿತವನ್ನು ಕೆಲವು ವಾರ ತಪ್ಪಿಸುವವರ ಹುಲ್ಲು ಅದೇ ಹುಳುಗಳ ನಡುವೆಯೇ ಹಸುರಾಗಿರುವದು.