ಸೂಳೆಕೆರೆ ಏರಿಯಿಂದ ಜಗಳೂರು ಕೆರೆಯವರೆಗೆ

ಕಾರ್ತಿಕದ ಬೆಳಗಿನ ಆರೂವರೆಗೆ ಸೂಳೆಕೆರೆ ಏರಿಯ ಮೇಲೆ ನಿಂತರೆ ನೀರು ಕಾಣುವುದಿಲ್ಲ. ಮಂಜು ಕೆರೆಯ ಮೇಲೆ ಹಾಸಿಕೊಂಡು ಮಲಗಿರುತ್ತದೆ. ಒಳಗೆಲ್ಲೋ ಹಕ್ಕಿಗಳ ಗದ್ದಲ, ಹರಿಗೋಲಿಗೆ ಹುಟ್ಟು ತಾಗಿದ ಸದ್ದು, ಒಬ್ಬ ಇನ್ನೊಬ್ಬನನ್ನು ಕೂಗಿದ ಸದ್ದು. ಏಳು ಗಂಟೆಗೆ ಬಿಸಿಲು ಗುಡ್ಡದ ತಲೆ ದಾಟಿ ಬಂದ ಮೇಲೆ ಮಂಜು ತುಂಡುತುಂಡಾಗಿ ಎದ್ದು ಹೋಗುತ್ತದೆ. ಆಗ ಎದುರಿಗೆ ಬರೀ ನೀರು. ನನ್ನ ಪಕ್ಕ ನಿಂತಿದ್ದ ತಂಗಿಯ ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಾವ, ಆ ಕಡೆ ದಡಾನೇ ಕಾಣ್ತಿಲ್ಲ" ಅಂದಳು.

ಅವಳು ಜರ್ಮನಿಯಲ್ಲಿ ಕೆಲಸಕ್ಕಿದ್ದಾಳೆ. ಶುಕ್ರವಾರ ಸಂಜೆ ರೈಲು ಹತ್ತಿ ಒಂದು ವಾರ ಪ್ರಾಗ್, ಇನ್ನೊಂದು ವಾರ ವಿಯೆನ್ನಾ ಎಂದು ಸುತ್ತುವವಳು. ದೊಡ್ಡ ಅರಮನೆಯನ್ನು ಎಲ್ಲರೂ ನೋಡುತ್ತಾರೆ, ತನಗೆ ಹಿಂದಿನ ಗಲ್ಲಿಯ ಸಣ್ಣ ಬೇಕರಿ, ಯಾರೂ ಕೂರದ ಒಂದು ಕಾರಂಜಿ ಕಟ್ಟೆ, ಹೆಸರೇ ಕೇಳದ ಒಂದು ಸೇತುವೆ ಬೇಕು ಅನ್ನುತ್ತಾಳೆ. ರಜೆಗೆ ದಾವಣಗೆರೆಗೆ ಬಂದಾಗ "ನಮ್ ಕಡೆ ಅಂಥಾದ್ದು ಏನೈತಿ ಮಾವ?" ಎಂದು ಕೇಳಿದಳು. ಶನಿವಾರ, ಭಾನುವಾರ ಎರಡು ದಿನ ಬಿಡುವು ಮಾಡಿಕೊ ಅಂದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಶಿವಮೊಗ್ಗಕ್ಕೋ ಜೋಗಕ್ಕೋ ಚಿತ್ರದುರ್ಗಕ್ಕೋ ಹೋಗುವವರು ಬಸ್ಸಿನ ಕಿಟಕಿಯಲ್ಲಿ ನೋಡಿ ದಾಟಿಬಿಡುವ ಊರುಗಳಿವು. ಇಳಿದು ನೋಡಬೇಕು ಎಂದು ನಾನು ಎಷ್ಟೋ ವರ್ಷದಿಂದ ಸಿಕ್ಕವರಿಗೆಲ್ಲ ಹೇಳುತ್ತ ಬಂದಿದ್ದೇನೆ.

ಸೂಳೆಕೆರೆಯ ಏರಿ ಉದ್ದವಿಲ್ಲ. ಎರಡು ಗುಡ್ಡಗಳ ನಡುವಿನ ಕಣಿವೆಯ ಬಾಯಿಗೆ ಕಲ್ಲು ಮಣ್ಣು ಹೇರಿ ಅಡ್ಡ ಕಟ್ಟಿದ್ದಾರೆ, ಅಷ್ಟೇ. ಆದರೆ ಅದರ ಅಗಲ, ಎತ್ತರ, ಗಟ್ಟಿತನ ನೋಡಬೇಕು. ಎಲ್ಲಿ ಕಟ್ಟಿದರೆ ಕಡಿಮೆ ಏರಿಗೆ ಹೆಚ್ಚು ನೀರು ನಿಲ್ಲುತ್ತದೆ ಎಂಬುದನ್ನು ಹನ್ನೆರಡನೇ ಶತಮಾನದ ಹೊತ್ತಿಗೇ ಇಲ್ಲಿಯವರು ಕಣ್ಣಳತೆಯಲ್ಲಿ ಹಿಡಿದಿದ್ದರು. ಹರಿದ್ರಾ ಹಳ್ಳದ ನೀರು ಇಲ್ಲಿ ನಿಂತು, ಸಿದ್ದನಾಲೆ, ಬಸವನಾಲೆ ಎಂಬ ಎರಡು ನಾಲೆಗಳಲ್ಲಿ ಗದ್ದೆ ತೋಟಗಳಿಗೆ ಹರಿಯುತ್ತದೆ. ಚಿತ್ರದುರ್ಗದವರು ಕುಡಿಯುವುದೂ ಈ ಕೆರೆಯ ನೀರನ್ನೇ. ಸರ್ಕಾರಿ ಕಾಗದದಲ್ಲಿ ಶಾಂತಿಸಾಗರ. ಜನರ ಬಾಯಲ್ಲಿ ಸೂಳೆಕೆರೆ. ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ ಎಂದು ಇಲ್ಲಿಯ ಮಕ್ಕಳಿಗೂ ಬಾಯಿಪಾಠ.

ಆ ಹೆಸರಿನ ಕತೆಯನ್ನು ಸಿದ್ಧೇಶ್ವರನ ಗುಡಿಯ ಮೆಟ್ಟಿಲ ಮೇಲೆ ಕೂತು ಹೇಳಿದೆ. ಸ್ವರ್ಗಾವತಿ ಪಟ್ಟಣದ ರಾಜನ ಮಗಳು ಶಾಂತವ್ವ. ತಾನು ಮೆಚ್ಚಿದವನೊಡನೆ ಹೋಗಿ ಬಂದ ಮಗಳಿಗೆ ಅಪ್ಪ ಸೂಳೆ ಎಂದ. ಆ ಮಾತಿನ ಕಳಂಕ ತೊಳೆಯಲು ಅವಳು ಕೆರೆ ಕಟ್ಟಿಸಲು ಹೊರಟಳು. ನೀರು ನಿಲ್ಲಬೇಕಾದ ಜಾಗ ಸೂಳೆಯರದು. ನಮ್ಮ ಹೆಸರಿಟ್ಟರೆ ಜಾಗ ಕೊಡುತ್ತೇವೆ ಎಂದರು. ಅವಳು ಒಪ್ಪಿದಳು. ಅಪ್ಪನ ಪಟ್ಟಣ ನೀರಿನಡಿ ಮುಳುಗಿತು, ಬೈಗುಳದ ಮಾತೇ ಕೆರೆಯ ಹೆಸರಾಗಿ ನಿಂತಿತು. ಈ ಹೆಸರು ಹೇಳಲು ಮುಜುಗರ ಪಡುವವರನ್ನು ಕಂಡಿದ್ದೇನೆ. ನನಗೆ ಮಾತ್ರ ಇದಕ್ಕಿಂತ ದೊಡ್ಡ ಹೆಸರು ಬೇರೆ ಯಾವ ಕೆರೆಗೂ ಇದ್ದಂತೆ ಕಾಣುವುದಿಲ್ಲ.

ಅಲ್ಲಿಂದ ಸಂತೇಬೆನ್ನೂರು. ಊರೊಳಗೆ ಮನೆ, ಅಂಗಡಿ, ನಿಂತ ಟ್ರ್ಯಾಕ್ಟರುಗಳ ನಡುವೆ ಹೋಗುತ್ತಿದ್ದವರಿಗೆ ಒಮ್ಮೆಲೇ ಪುಷ್ಕರಿಣಿ ಎದುರಾಗುತ್ತದೆ. ಚೌಕದ ಹೊಂಡ, ನಾಲ್ಕೂ ಕಡೆ ಇಳಿಯುವ ಕಲ್ಲಿನ ಮೆಟ್ಟಿಲು, ನೀರಿನ ನಟ್ಟನಡುವೆ ಗೋಪುರದ ಹಾಗೆ ಎದ್ದು ನಿಂತ ವಸಂತ ಮಂಟಪ, ದಂಡೆಯ ಸುತ್ತ ಪುಟ್ಟ ಮಂಟಪಗಳು. ಪಾಳೇಗಾರ ಕೆಂಗ ಹನುಮಪ್ಪ ನಾಯಕ ಹದಿನಾರನೇ ಶತಮಾನದಲ್ಲಿ ಕಟ್ಟಿಸಿದ್ದು. ಪಕ್ಕದಲ್ಲಿ ಕಮಾನುಗಳ ದೊಡ್ಡ ಕಟ್ಟಡ, ಮುಸಾಫಿರ್‌ಖಾನಾ. ಅದು ಬಿಜಾಪುರದ ದಂಡನಾಯಕ ರಣದುಲ್ಲಾ ಖಾನನ ಕಾಲದ್ದು. ಇಲ್ಲಿದ್ದ ದೇವಸ್ಥಾನ ಅವನ ದಂಡಯಾತ್ರೆಯಲ್ಲಿ ಹೋಯಿತು, ಪಾಳೇಗಾರರ ಮನೆತನ ಕಡೆಗೆ ತರೀಕೆರೆಗೆ ಸರಿಯಿತು. ಹೊಂಡ ಮಾತ್ರ ಉಳಿದುಕೊಂಡಿತು.

ನಾವು ಹೋದ ಹೊತ್ತಿಗೆ ಒಳಗೆ ಇದ್ದವರು ನಾವಿಬ್ಬರೇ. ಇವಳು ನೀರಿನಿಂದ ನಾಲ್ಕನೇ ಮೆಟ್ಟಿಲಿಗೆ ಇಳಿದು ಕೂತಳು. ನೀರಿಗೆ ತಾಗಿದ ಮೆಟ್ಟಿಲಿನ ಮೇಲೆ ಹಸಿರು ಪಾಚಿ. ಅದರ ಅಂಚನ್ನು ಬೆರಳುದ್ದದ ಮೀನುಗಳು ಸಾಲಾಗಿ ಬಂದು ಕಚ್ಚಿ ಕಚ್ಚಿ ಹೋಗುತ್ತಿದ್ದವು. ಗಾಳಿ ನಿಂತಾಗ ವಸಂತ ಮಂಟಪದ ನೆರಳು ನೀರಲ್ಲಿ ಕದಲದೆ ನಿಲ್ಲುತ್ತಿತ್ತು, ಒಂದು ಮೀನು ಮೇಲೆ ಬಂದು ಬಾಯಿ ತೆರೆದರೆ ಶಿಖರದಿಂದ ಬುಡದವರೆಗೂ ಅಲುಗುತ್ತಿತ್ತು. "ಪ್ರಾಗ್‌ನಲ್ಲಿ ಹಳೇ ಸೇತುವೆ ಮ್ಯಾಲೆ ಒಂದ್ ಫೋಟೋ ತೆಗೀಬೇಕಂದ್ರೆ ಬೆಳಗಿನ ಜಾವ ಹೋಗ್ಬೇಕು ಮಾವ, ಇಲ್ಲಾಂದ್ರೆ ಕಾಲಿಡೋಕೂ ಜಾಗ ಇರಲ್ಲ" ಅಂದಳು. ಇಲ್ಲಿ ಶನಿವಾರ ಹತ್ತು ಗಂಟೆಯ ಬಿಸಿಲಲ್ಲಿ ಇಡೀ ಹೊಂಡ ಅವಳ ಪಾಲಿಗಿತ್ತು. ಒಂದು ತಾಸು ಕೂತೆವು. ಈ ಎರಡು ದಿನಗಳಲ್ಲಿ ಒಂದೇ ಕಡೆ ಇಳಿಯಲು ಸಮಯವಿದ್ದರೆ ಇಲ್ಲೇ ಇಳಿಯಿರಿ ಎನ್ನುತ್ತೇನೆ.

ಹೊದಿಗೆರೆಗೆ ಹೋಗುವಾಗ ರಣದುಲ್ಲಾ ಖಾನನ ಹೆಸರನ್ನು ನೆನಪಿಟ್ಟುಕೊಳ್ಳಬೇಕು. 1638ರಲ್ಲಿ ಅವನೇ ಬೆಂಗಳೂರನ್ನು ಕೆಂಪೇಗೌಡರ ವಂಶದವರಿಂದ ಗೆದ್ದದ್ದು. ಆ ದಂಡಿನಲ್ಲಿ ಜೊತೆಗಿದ್ದ ಷಹಾಜಿ ಭೋಸಲೆಗೆ ಬೆಂಗಳೂರು ಜಹಗೀರಾಗಿ ಬಂತು. ಶಿವಾಜಿಯ ತಂದೆ ಷಹಾಜಿ. 1664ರ ಜನವರಿಯಲ್ಲಿ ಬೇಟೆಗೆ ಬಂದವನು ಕುದುರೆಯಿಂದ ಬಿದ್ದು ಸತ್ತದ್ದು ಈ ಹೊದಿಗೆರೆಯ ಹತ್ತಿರ. ಸಮಾಧಿ ಇಲ್ಲೇ ಇದೆ. ಗುಮ್ಮಟವಿಲ್ಲ, ಗೋಪುರವಿಲ್ಲ. ಆವರಣದೊಳಗೆ ಸರಳವಾದ ಒಂದು ಕಲ್ಲಿನ ಕಟ್ಟೆ. ಮಗ ರಾಯಗಡದಲ್ಲಿ ಪಟ್ಟವೇರಿದ್ದು ಇದಾದ ಹತ್ತು ವರ್ಷಕ್ಕೆ. ಇತಿಹಾಸ ಅಷ್ಟಕ್ಕೇ ಮುಗಿಯಲಿಲ್ಲ. ಚನ್ನಗಿರಿಗೆ ಆ ಹೆಸರು ಬಂದದ್ದು ಕೆಳದಿಯ ಚೆನ್ನಮ್ಮಾಜಿಯಿಂದ. ಔರಂಗಜೇಬನ ಸೈನ್ಯ ಬೆನ್ನಟ್ಟಿದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳೂ ಅದೇ ಚೆನ್ನಮ್ಮಾಜಿ. ಅಜ್ಜನ ಸಮಾಧಿ ಇರುವ ಹಳ್ಳಿ, ಮೊಮ್ಮಗನನ್ನು ಕಾಪಾಡಿದ ತಾಯಿಯ ಹೆಸರಿನ ಪಟ್ಟಣ, ಎರಡೂ ಒಂದೇ ತಾಲ್ಲೂಕಿನಲ್ಲಿ. ಚನ್ನಗಿರಿಯ ಕೋಟೆ ಹತ್ತಿ ಬೆಟ್ಟದ ರಂಗನಾಥನ ಗುಡಿಯ ಮುಂದೆ ನಿಂತು ಇದನ್ನು ಹೇಳಿದಾಗ ಅವಳು ಬೆರಳಲ್ಲಿ ಲೆಕ್ಕ ಹಾಕಿ, "ಹಂಗಾದ್ರೆ ಎಲ್ಲಾ ಇಲ್ಲೇ ಸುತ್ತಮುತ್ತ ನಡೆದಿರೋದು" ಅಂದಳು.

ಕೋಟೆಯ ಮೇಲಿನಿಂದ ಕಾಣುವುದು ಅಡಿಕೆ ತೋಟ, ಅದರಾಚೆ ಮತ್ತೆ ಅಡಿಕೆ ತೋಟ. ಭದ್ರಾ ನಾಲೆ ಬಂದ ಮೇಲೆ ಬೆಳೆದ ಹಸಿರು ಇದರಲ್ಲಿ ಬಹಳ. ಈಗ ಕೊಯ್ಲಿನ ಕಾಲ. ಪರಿಚಯದವರ ಕಣದ ಹತ್ತಿರ ಹೋಗುವ ಮೊದಲೇ ಮೂಗಿಗೆ ಚೊಗರಿನ ವಾಸನೆ ಬಡಿಯಿತು. ಸುಲಿದ ಹಸಿ ಅಡಿಕೆಯನ್ನು ದೊಡ್ಡ ಹಂಡೆಯಲ್ಲಿ ಚೊಗರು ಹಾಕಿ ಬೇಯಿಸುತ್ತಾರೆ. ಹಿಂದಿನ ಅಡಿಕೆ ಬೆಂದು ಬಿಟ್ಟ ಒಗರು ರಸವೇ ಮುಂದಿನ ಅಡಿಕೆಗೆ ಬಣ್ಣ. ಕಣದ ಯಜಮಾನರು ಜಾಲರಿ ಸೌಟಿನಲ್ಲಿ ಒಂದು ಹಿಡಿ ಎತ್ತಿದರು. ಹಬೆಯೊಳಗಿಂದ ಕಂದುಗೆಂಪಿನ ಅಡಿಕೆ. ಒಂದನ್ನು ಉಗುರಿನಲ್ಲಿ ಒತ್ತಿ, "ಇನ್ನೂ ಒಂದ್ ಸ್ವಲ್ಪ ಬೇಯ್ಬೇಕವ್ವ, ಒಳಗೆ ಹಸಿ ಐತಿ" ಎಂದು ಅವಳ ಅಂಗೈಗೆ ಹಾಕಿದರು. ಅವಳ ಬೆರಳ ತುದಿಗೆ ಹತ್ತಿದ ಆ ಕೆಂಪು ಭಾನುವಾರ ರಾತ್ರಿಯವರೆಗೂ ಹೋಗಲಿಲ್ಲ. ಕಣದ ತುಂಬ ಹರವಿದ ಅಡಿಕೆಯನ್ನು ಹೆಂಗಸರು ಕಾಲಿನಲ್ಲಿ ಕೆದರುತ್ತ ಸಾಲು ತಿರುವುತ್ತಿದ್ದರು. ಮೊದಲೆಲ್ಲ ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿಯೆಲ್ಲ ಸುಲಿಯುತ್ತಿದ್ದೆವು, ಈಗ ಮಷಿನ್ ಬಂದಿದೆ ಎಂದರು. ಆ ರಾತ್ರಿಗಳ ಹಾಡು, ಹರಟೆಗಳನ್ನು ನೆನೆದು ಒಬ್ಬರು ನಕ್ಕರು. ಇಲ್ಲಿ ಯಾರಿಗೆ ಯಾರು ಸಿಕ್ಕರೂ ಮೊದಲ ಮಾತು ಅಡಿಕೆ ಮಾರಾಟದ ಸಹಕಾರ ಸಂಘ ತುಮ್‌ಕೋಸ್‌ನಲ್ಲಿ ಇವತ್ತು ರಾಶಿ ಅಡಿಕೆಗೆ ಏನು ರೇಟು ಎಂಬುದೇ.

ಇದೇ ತಾಲ್ಲೂಕಿನ ಕಾರಿಗನೂರು ಜೆ.ಎಚ್. ಪಟೇಲರ ಊರು. 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದವರು. ಅವರು ಮುಖ್ಯಮಂತ್ರಿಯಾಗಿದ್ದಾಗಲೇ, 1997ರ ಆಗಸ್ಟ್ 15ರಂದು, ದಾವಣಗೆರೆ ಜಿಲ್ಲೆಯಾಯಿತು. ಶಿವಮೊಗ್ಗದಲ್ಲಿದ್ದ ಚನ್ನಗಿರಿ, ಹೊನ್ನಾಳಿಗಳೂ ಚಿತ್ರದುರ್ಗದಲ್ಲಿದ್ದ ಜಗಳೂರೂ ಒಂದೇ ಜಿಲ್ಲೆಗೆ ಬಂದವು. ಅಡಿಕೆಯ ನಾಡೂ ಬರದ ನಾಡೂ ಒಂದು ಮನೆಯವಾದವು.

ಸಂಜೆಗೆ ಹೊನ್ನಾಳಿ. ಕೂಡಲಿಯಲ್ಲಿ ತುಂಗೆ, ಭದ್ರೆ ಸೇರಿ ತುಂಗಭದ್ರೆಯಾದ ಮೇಲೆ ಹೊಳೆಗೆ ಸಿಗುವ ಮೊದಲ ತಾಲ್ಲೂಕು ಪಟ್ಟಣ ಇದು. ಹಿರೇಕಲ್ಮಠಕ್ಕೆ ಹೋಗಿ ಕೈಮುಗಿದು ಬಂದು, ಒಂದು ಪೊಟ್ಟಣ ಖಾರ ಮಂಡಕ್ಕಿ, ನಾಲ್ಕು ಮಿರ್ಚಿ ಕಟ್ಟಿಸಿಕೊಂಡು ಹೊಳೆದಂಡೆಗೆ ಇಳಿದೆವು. ಮಂಡಕ್ಕಿಯನ್ನು ಬೇಗ ತಿನ್ನಬೇಕು, ಹೊಳೆಯ ಗಾಳಿಗೆ ಮೆತ್ತಗಾಗುತ್ತದೆ. ದನದ ಮೈ ತೊಳೆಯಲು ಬಂದಿದ್ದ ಹುಡುಗ ತನ್ನ ಹೋರಿಯ ಬೆನ್ನು ತಿಕ್ಕುತ್ತ, ದೀಪಾವಳಿ ಆದ ಮೇಲಿನ ಹೋರಿ ಹಬ್ಬದಲ್ಲಿ ಅದು ತನಗೆ ಕಟ್ಟಿದ್ದ ಕೊಬ್ಬರಿ ಸರವನ್ನು ಯಾರಿಗೂ ಹರಿಯಲು ಬಿಡಲಿಲ್ಲ ಎಂದು ಹೇಳಿದ. ಕೊರಳ ಕೆಳಗೆ ತಿಕ್ಕಿದಾಗ ಹೋರಿ ಕಣ್ಣು ಮುಚ್ಚಿ ಕತ್ತು ಮೇಲಕ್ಕೆತ್ತಿತು. ಕತ್ತಲಾಗುವವರೆಗೆ ಅಲ್ಲೇ ಇದ್ದೆವು. ಸೇತುವೆಯ ಮೇಲೆ ಬಸ್ಸು ಹೋದಾಗಲೆಲ್ಲ ಅದರ ದೀಪ ನೀರಲ್ಲಿ ಉದ್ದಕ್ಕೆ ಜಾರಿ ಹೋಗುತ್ತಿತ್ತು.

ಭಾನುವಾರ ನ್ಯಾಮತಿ. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಈಚೆಗೆ, ಆದರೆ ಪೇಟೆ ಹಳೆಯದು. ಮಲೆನಾಡಿನ ಸರಕು, ಬಯಲುಸೀಮೆಯ ಸರಕು ಒಂದಕ್ಕೊಂದು ಕೈ ಬದಲಾಯಿಸುತ್ತಿದ್ದ ಜಾಗ. ಇಲ್ಲಿಂದ ಸಿಂದ ಅರಸರು ಆಳಿದ ಬೆಳಗುತ್ತಿಯ ಕಡೆ ಹೋದರೆ ಕಾಡಿನ ನಡುವೆ ಗುಡ್ಡದ ಮೇಲೆ ತೀರ್ಥರಾಮೇಶ್ವರ. ರಾಮ ಬಾಣ ಬಿಟ್ಟು ನೀರು ಬರಿಸಿದ ಎನ್ನುತ್ತಾರೆ. ಬೇಸಿಗೆಯಲ್ಲೂ ಬತ್ತದ ತೀರ್ಥ. ಬೊಗಸೆ ಒಡ್ಡಿ ಕುಡಿದೆವು, ಹಲ್ಲು ಜುಮ್ಮೆನ್ನುವಷ್ಟು ತಂಪು. ಹಳ್ಳಿಗಳಿಂದ ಬಂದವರು ಬಾಟಲಿಗಳಿಗೆ ತುಂಬಿಕೊಳ್ಳುತ್ತಿದ್ದರು.

ಸೂರಗೊಂಡನಕೊಪ್ಪ ಇದೇ ತಾಲ್ಲೂಕಿನದು. ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ ನೆಲ. ಫೆಬ್ರವರಿ ನಡುವಿನ ಜಯಂತಿಗೆ ಮಹಾರಾಷ್ಟ್ರ, ತೆಲಂಗಾಣ, ಆಂಧ್ರದ ತಾಂಡಾಗಳಿಂದ ಮಾಲೆ ಧರಿಸಿದ ಬಂಜಾರರು ನಡೆದುಕೊಂಡೇ ಬರುತ್ತಾರೆ. ನಾವು ಹೋದ ದಿನ ಗದ್ದಲವಿರಲಿಲ್ಲ. ನೆರಳಲ್ಲಿ ಕೂತಿದ್ದ ಅಜ್ಜಿಯೊಬ್ಬರು ಕೆಂಪು ಬಟ್ಟೆಯ ಮೇಲೆ ಕನ್ನಡಿ ಬಿಲ್ಲೆ ಕೂರಿಸುತ್ತಿದ್ದರು. ಗಾಜಿಗೆ ತೂತಿಲ್ಲ, ಅಂಟಿಲ್ಲ. ಮೊದಲು ನಾಲ್ಕು ಅಡ್ಡ ದಾರ ಎಳೆದು ಬಿಲ್ಲೆಯನ್ನು ಹಿಡಿದು ನಿಲ್ಲಿಸಿ, ಆ ದಾರಕ್ಕೇ ಸುತ್ತ ಹೊಲಿಗೆ ಹಾಕುತ್ತ ಬಂದರೆ ಗಾಜು ಬಟ್ಟೆಯ ಬಾಯೊಳಗೆ ಕೂತುಬಿಡುತ್ತದೆ. ಮೊಮ್ಮಗಳ ಕಾಂಚಳಿಗಂತೆ, ಅಂದರೆ ಕುಪ್ಪಸಕ್ಕೆ. ಇವಳು ಬಗ್ಗಿ ನೋಡಿದಾಗ ಒಂದೊಂದು ಬಿಲ್ಲೆಯಲ್ಲೂ ಅವಳ ಮುಖ. "ನೋಡ್ಕ್ಯ ಮಗಾ, ಅದ್ರಾಗ ಎಷ್ಟ್ ಜನ ಅದೀ" ಎಂದು ಅಜ್ಜಿ ನಕ್ಕರು. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶವೆಲ್ಲ ನಡೆದವರ ಕೈಕಸುಬು ಅದು. ಅದನ್ನು ಕೊಳ್ಳಲು ಸಿಗುತ್ತದೆಯೇ ಎಂದು ಕೇಳಲು ನನಗೆ ಮನಸ್ಸು ಬರಲಿಲ್ಲ.

ಜಗಳೂರಿಗೆ ದೂರದ ದಾರಿ. ದಾವಣಗೆರೆ ದಾಟಿದ ಮೇಲೆ ಅಡಿಕೆ ಹೋಗಿ ಮೆಕ್ಕೆಜೋಳ ಬರುತ್ತದೆ, ರಸ್ತೆಯಂಚಿಗೆ ಹರವಿದ ಹಳದಿ ರಾಶಿಗಳು, ಶೇಂಗಾ ಹೊಲಗಳು, ಕುರಿಮಂದೆ. ನೆಲದ ಬಣ್ಣವೇ ಬೇರೆ. ಈ ಒಣ ನೆಲದಲ್ಲೇ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮ ಇದೆ, 2011ರಲ್ಲಿ ಘೋಷಣೆಯಾದದ್ದು. ಕೊಂಡುಕುರಿ ಕುರಿಯಲ್ಲ, ನಾಲ್ಕು ಕೊಂಬಿನ ಸಣ್ಣ ಹುಲ್ಲೆ. ಗಂಡಿಗೆ ಕಿವಿಗಳ ನಡುವೆ ಎರಡು, ಹಣೆಯ ಮೇಲೆ ಮೊಳಕೆಯಂಥ ಇನ್ನೆರಡು ಕೊಂಬು. ಬಹಳ ನಾಚಿಕೆಯ ಪ್ರಾಣಿ. ಅರಣ್ಯ ಇಲಾಖೆಯ ಅನುಮತಿ ಪಡೆದು, ಕಮರ, ಕಾರೆ, ಜಾಲಿಗಳ ಕುರುಚಲು ಕಾಡಿನಲ್ಲಿ ಕಾವಲುಗಾರರ ಹಿಂದೆ ನಡೆದೆವು. ಪ್ರಾಣಿ ಕಾಣಲಿಲ್ಲ. ಒಂದು ಪೊದೆಯ ಹತ್ತಿರ ಅವರು ಕುಕ್ಕರುಗಾಲಲ್ಲಿ ಕೂತು ನೆಲ ತೋರಿಸಿದರು. ಉದ್ದನೆಯ ಹಿಕ್ಕೆಗಳ ಒಂದು ಗುಡ್ಡೆ. ತಳದವು ಬಿಸಿಲಿಗೆ ಬೆಳ್ಳಗಾಗಿದ್ದವು, ಮೇಲಿನವು ಕಪ್ಪಗೆ ಹೊಳೆಯುತ್ತಿದ್ದವು. ಕೊಂಡುಕುರಿ ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆಯಂತೆ. "ಬೆಳಿಗ್ಗೆ ಬಂದು ಹೋಗೈತ್ರಿ, ಇಲ್ಲೇ ಎಲ್ಲೋ ನಿಂತು ನಮ್ಮನ್ನ ನೋಡ್ತಿರತೈತಿ" ಎಂದು ಪಿಸುಗುಟ್ಟಿದರು. ಅವಳು ಉಸಿರು ಬಿಗಿಹಿಡಿದು ಪೊದೆಗಳನ್ನೇ ನೋಡುತ್ತ ನಿಂತಳು. ಕೊಂಡುಕುರಿಗೆ ದಿನವೂ ನೀರು ಬೇಕು, ಹತ್ತಿರದಲ್ಲಿ ನೀರಿಲ್ಲದ ಕಾಡಿನಲ್ಲಿ ಅದು ಉಳಿಯುವುದಿಲ್ಲ ಎಂದೂ ಅವರೇ ಹೇಳಿದರು.

ನೀರಿನ ಮಾತು ಜಗಳೂರಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಬರಪೀಡಿತ ಎಂಬ ಪದ ಈ ತಾಲ್ಲೂಕಿನ ಹೆಸರಿಗೆ ಅಂಟಿಕೊಂಡೇ ಬರುತ್ತಿತ್ತು. ಹರಿಹರದ ಹತ್ತಿರ ದೀಟೂರಿನಲ್ಲಿ ತುಂಗಭದ್ರೆಯ ನೀರನ್ನು ಪಂಪಿನಿಂದ ಎತ್ತಿ, ಪೈಪಿನಲ್ಲಿ ಇಲ್ಲಿಗೆ ತಂದು 57 ಕೆರೆ ತುಂಬಿಸುವ ಯೋಜನೆಗಾಗಿ ರೈತರು ವರ್ಷಗಟ್ಟಲೆ ಕಾದರು. ಸೂರ್ಯ ಮುಳುಗುವ ಹೊತ್ತಿಗೆ ಜಗಳೂರು ಕೆರೆ ಏರಿಯ ಮೇಲೆ ಹೋಗಿ ನಿಂತೆವು. ಹಾಗೆ ಎತ್ತಿ ತಂದ ನೀರು ಕೆರೆಯಲ್ಲಿತ್ತು. ಊರಿನವರು ಸಂಸಾರ ಸಮೇತ ಬಂದು ಸುಮ್ಮನೆ ನೋಡುತ್ತ ನಿಂತಿದ್ದರು, ಜಾತ್ರೆಗೆ ಬಂದವರ ಹಾಗೆ. ಪಕ್ಕದಲ್ಲಿದ್ದ ಅಜ್ಜನನ್ನು ದಿನಾ ಬರುತ್ತೀರಾ ಎಂದು ಕೇಳಿದೆ.

"ದಿನಾ ಬರ್ತೀನ್ರಿ. ನೀರಿಗೆ ನಾವು ಪರಿಚಯ ಆಗ್ಬೇಕಲ್ರಿ."

ನಿನ್ನೆ ಸಂಜೆ ಹೊನ್ನಾಳಿ ಸೇತುವೆಯ ಕೆಳಗೆ ನಾವು ಕಂಡ ಹೊಳೆ ಮುಂದೆ ದೀಟೂರಿನ ಕಡೆಗೇ ಹರಿಯುತ್ತದೆ ಎಂದು ತಂಗಿಯ ಮಗಳಿಗೆ ಹೇಳಿದೆ. ಅವಳು ಚಪ್ಪಲಿ ಬಿಟ್ಟು ಕಲ್ಲುಗಳ ಮೇಲೆ ಇಳಿದು, ಅಡಿಕೆಯ ಕೆಂಪು ಹತ್ತಿದ ಬೆರಳುಗಳನ್ನು ಆ ನೀರಿನಲ್ಲಿ ಅದ್ದಿದಳು.