ವರ್ಣಮಾಲೆ ಎಂಬ ಬಾಯಿಯ ನಕ್ಷೆ

ಒಮ್ಮೆ ನಿಧಾನವಾಗಿ ಹೇಳಿ ನೋಡಿ: ಕ, ಚ, ಟ, ತ, ಪ. ನಾಲಿಗೆ ಎಲ್ಲಿ ತಾಗುತ್ತಿದೆ ಎಂಬುದನ್ನಷ್ಟೇ ಗಮನಿಸಿ. ‘ಕ’ ಎನ್ನುವಾಗ ನಾಲಿಗೆಯ ಹಿಂಬದಿ ಮೇಲೆದ್ದು ಗಂಟಲ ಹತ್ತಿರದ ಮೆದು ಅಂಗುಳಕ್ಕೆ ತಾಗುತ್ತದೆ. ‘ಚ’ಗೆ ನಾಲಿಗೆಯ ಮುಂಭಾಗ ಗಟ್ಟಿ ಅಂಗುಳ ಮುಟ್ಟುತ್ತದೆ. ‘ಟ’ಗೆ ತುದಿ ಮೇಲಕ್ಕೆ ಮಡಚಿಕೊಳ್ಳುತ್ತದೆ. ‘ತ’ಗೆ ಹಲ್ಲಿನ ಹಿಂಬದಿ. ‘ಪ’ ಬಂದಾಗ ನಾಲಿಗೆಗೆ ರಜೆ, ಎರಡು ತುಟಿ ಸೇರಿದರೆ ಸಾಕು. ಗಂಟಲಿನಿಂದ ಹೊರಟು ತುಟಿಯವರೆಗೆ ಐದು ಸ್ಟಾಪ್! ಒಂದನೇ ಕ್ಲಾಸಿನಲ್ಲಿ ನಾವು ಬಾಯಿಪಾಠ ಮಾಡಿದ ವರ್ಣಮಾಲೆ ನಿಜಕ್ಕೂ ಬಾಯಿಯದ್ದೇ ಪಾಠ.

ಈಗ ಕತ್ತಿನ ಮೇಲೆ ಬೆರಳಿಟ್ಟು ‘ಸ್‌ಸ್‌ಸ್’ ಎನ್ನಿ, ಆಮೇಲೆ ‘ಮ್‌ಮ್‌ಮ್’ ಎನ್ನಿ. ಮೊದಲನೆಯದಕ್ಕೆ ಏನೂ ಆಗುವುದಿಲ್ಲ, ಎರಡನೆಯದಕ್ಕೆ ಬೆರಳು ನಡುಗುತ್ತದೆ. ಆ ನಡುಕ ಧ್ವನಿಪೆಟ್ಟಿಗೆಯೊಳಗಿನ ಎರಡು ಪುಟ್ಟ ಮಡಿಕೆಗಳದ್ದು. ಅವೇ ಧ್ವನಿತಂತುಗಳು. ಗಂಡಸರಲ್ಲಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ, ಹೆಂಗಸರಲ್ಲಿ ಸುಮಾರು ಇನ್ನೂರು ಸಲ ಅವು ಬಡಿದುಕೊಳ್ಳುತ್ತವೆ. ‘ಕ’ಗೂ ‘ಗ’ಗೂ ನಾಲಿಗೆಯ ಜಾಗ ಒಂದೇ, ವ್ಯತ್ಯಾಸ ಇರುವುದು ಈ ಕಂಪನದಲ್ಲಿ.

ಅಂದರೆ ಸದ್ದು ಹುಟ್ಟುವುದು ಗಂಟಲಿನಲ್ಲಿ, ಅದು ಅಕ್ಷರವಾಗುವುದು ಬಾಯಿಯಲ್ಲಿ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಶಬ್ದ ಹುಟ್ಟುವ ರೀತಿಯನ್ನು ಕಹಳೆಗೆ ಹೋಲಿಸಿದ್ದಾನೆ. ಮೆಕ್ಯಾನಿಕಲ್ ಓದುತ್ತಿರುವ ನನಗೆ ಆ ಹೋಲಿಕೆ ಬಹಳ ಇಷ್ಟ. ಒಂದು ಕಡೆ ಗಾಳಿ, ಒಂದು ಕಡೆ ಕಂಪನ, ಮುಂದೆ ಅದಕ್ಕೆ ಆಕಾರ ಕೊಡುವ ಕೊಳವೆ.

ಆದರೆ ಗಂಟಲಿನ ಡಿಸೈನ್‌ನಲ್ಲಿ ಒಂದು ತೊಡಕಿದೆ. ಉಸಿರಿನ ದಾರಿ ಮತ್ತು ಅನ್ನದ ದಾರಿ ಅಲ್ಲಿ ಒಂದನ್ನೊಂದು ದಾಟುತ್ತವೆ, ಸಿಗ್ನಲ್ ಇಲ್ಲದ ಕ್ರಾಸ್‌ನಂತೆ. ಪ್ರತಿ ತುತ್ತು ನುಂಗುವಾಗಲೂ ಧ್ವನಿಪೆಟ್ಟಿಗೆ ಮೇಲೇರುತ್ತದೆ, ಎಪಿಗ್ಲಾಟಿಸ್ ಎಂಬ ಎಲೆಯಂಥ ಮುಚ್ಚಳ ಬಾಗುತ್ತದೆ, ಧ್ವನಿತಂತುಗಳು ಸೇರಿಕೊಳ್ಳುತ್ತವೆ, ಉಸಿರು ಒಂದು ಕ್ಷಣ ನಿಲ್ಲುತ್ತದೆ. ಎಲ್ಲೋ ಸ್ವಲ್ಪ ತಪ್ಪಿದರೆ ‘ನೆತ್ತಿಗೇರಿತು’ ಎನ್ನುತ್ತೇವೆ. ಅಮ್ಮ ತಲೆ ತಟ್ಟಿ ‘ಯಾರೋ ನೆನೆಸ್ಕೊಂಡ್ರು’ ಎನ್ನುತ್ತಾಳೆ. ನೆತ್ತಿಗೇನೂ ಏರಿರುವುದಿಲ್ಲ, ಅನ್ನದ ಅಗುಳು ಶ್ವಾಸನಾಳದ ಬಾಗಿಲಿಗೆ ಬಂದಿರುತ್ತದೆ, ಅಷ್ಟೆ.

ಇದನ್ನೆಲ್ಲ ನಾನು ಕಲಿತದ್ದು ಕಾಲೇಜಿನಲ್ಲಲ್ಲ, ನಾಗಸಂದ್ರದ ನಮ್ಮ ಮನೆಯಲ್ಲಿ. ನನ್ನ ದೊಡ್ಡಪ್ಪ ಪೀಣ್ಯದ ಶೆಡ್ ಒಂದರಲ್ಲಿ ಲೇತ್ ಆಪರೇಟರ್ ಆಗಿದ್ದವರು. ಮೂವತ್ತು ವರ್ಷ ಬೀಡಿ ಸೇದಿದವರು. ಧ್ವನಿಪೆಟ್ಟಿಗೆಗೆ ಕ್ಯಾನ್ಸರ್ ಬಂದು, ಅದನ್ನು ಪೂರ್ತಿ ತೆಗೆಯಬೇಕಾಯಿತು. ಇಂಥ ಆಪರೇಷನ್ನಿನಲ್ಲಿ ಶ್ವಾಸನಾಳದ ತುದಿಯನ್ನು ಕತ್ತಿನ ಮುಂಭಾಗಕ್ಕೆ ತಂದು ಹೊಲಿಯುತ್ತಾರೆ. ಉಸಿರಾಟವೆಲ್ಲ ಆ ರಂಧ್ರದಿಂದಲೇ. ಮೂಗಿನಲ್ಲಿ ಗಾಳಿ ಆಡದ ಕಾರಣ ಒಗ್ಗರಣೆಯ ವಾಸನೆಯೂ ಸರಿಯಾಗಿ ತಿಳಿಯದು. ಗಾಳಿ ಬಾಯಿಗೆ ಬರುವುದೇ ಇಲ್ಲವಾದ್ದರಿಂದ ಮಾತೂ ಇಲ್ಲ.

ನಾಲ್ಕು ತಿಂಗಳು ದೊಡ್ಡಪ್ಪ ಗೆರೆಪುಸ್ತಕದಲ್ಲಿ ಬರೆದು ತೋರಿಸುತ್ತಿದ್ದರು. ಓದಿದ್ದು ನಾಲ್ಕನೇ ಕ್ಲಾಸು. ಒಂದು ವಾಕ್ಯ ಬರೆದು ಮುಗಿಸುವಷ್ಟರಲ್ಲಿ ಮನೆಯ ಮಾತು ಬೇರೆಲ್ಲೋ ಹೋಗಿರುತ್ತಿತ್ತು. ಕೊನೆಕೊನೆಗೆ ಬರೆಯುವುದನ್ನೇ ಬಿಟ್ಟು, ಟಿವಿ ಮುಂದೆ ಸುಮ್ಮನೆ ಕೂರುತ್ತಿದ್ದರು.

ಅವರ ಮಾತನ್ನು ವಾಪಸ್ ತಂದದ್ದು ಬೆರಳ ತುದಿಯಷ್ಟಿರುವ ಒಂದು ಸಿಲಿಕೋನ್ ವಾಲ್ವ್. ನಿಮ್ಮ ಮನೆಯ ಸಂಪಿನಲ್ಲಿ ಫುಟ್‌ ವಾಲ್ವ್ ಇರುತ್ತದಲ್ಲ, ಮೇಲೇರಿದ ನೀರನ್ನು ಕೆಳಗಿಳಿಯಲು ಬಿಡದಿರುವುದು? ಅದೇ ತತ್ವ. ಶ್ವಾಸನಾಳ ಮತ್ತು ಅನ್ನನಾಳದ ನಡುವಿನ ಗೋಡೆಯಲ್ಲಿ ಸಣ್ಣ ತೂತು ಮಾಡಿ ಇದನ್ನು ಕೂರಿಸುತ್ತಾರೆ. ಕತ್ತಿನ ರಂಧ್ರವನ್ನು ಹೆಬ್ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ಗಾಳಿ ವಾಲ್ವ್ ದಾಟಿ ಅನ್ನನಾಳಕ್ಕೆ ಹೋಗುತ್ತದೆ, ಅಲ್ಲಿಂದ ಮೇಲೇರುವಾಗ ಗಂಟಲಿನ ಗೋಡೆಯೇ ಕಂಪಿಸುತ್ತದೆ. ಅನ್ನ, ನೀರು ಮಾತ್ರ ಈ ಕಡೆ ಬರುವಂತಿಲ್ಲ. ಅಮೆರಿಕದ ಎರಿಕ್ ಬ್ಲೋಮ್ ಮತ್ತು ಮಾರ್ಕ್ ಸಿಂಗರ್ 1980ರ ಸುಮಾರಿಗೆ ಬಳಕೆಗೆ ತಂದ ವಿಧಾನವಿದು.

ನಾಲಿಗೆ, ಹಲ್ಲು, ಅಂಗುಳ, ತುಟಿ ಎಲ್ಲವೂ ಮೊದಲಿನಂತೆಯೇ ಇದ್ದವಲ್ಲ? ಸದ್ದು ಸಿಕ್ಕಿದ್ದೇ ತಡ, ಅವು ತಮ್ಮ ಹಳೇ ಕೆಲಸ ಶುರು ಮಾಡಿದವು. ದನಿ ಗೊಗ್ಗರು, ನಿಜ. ಧ್ವನಿತಂತು ಇಲ್ಲದ ಕಾರಣ ‘ಕ’ ಮತ್ತು ‘ಗ’ ಕಲಸಿಹೋಗುತ್ತವೆ. ‘ಹ’ ಸರಿಯಾಗಿ ಬರುವುದಿಲ್ಲ. ಅದಕ್ಕೆ ದೊಡ್ಡಪ್ಪ, ‘ನಮ್ಮೂರಲ್ಲಿ ಹಾಲನ್ನ ಆಲು ಅಂತಾನೇ ಅನ್ನೋದು, ನಂಗೇನು ನಷ್ಟ?’ ಎಂದು ನಗುತ್ತಾರೆ. ಫೋನಿನಲ್ಲಿ ಮಾತ್ರ ಹೊಸಬರು ಯಂತ್ರ ಮಾತಾಡುತ್ತಿದೆ ಅಂದುಕೊಂಡು ಕಟ್ ಮಾಡುತ್ತಾರೆ. ಆಗ ಅವರ ಮುಖ ನೋಡಲಾಗುವುದಿಲ್ಲ.

ವಾಲ್ವ್ ಶಾಶ್ವತವಲ್ಲ. ಗಂಟಲಿನ ತೇವಕ್ಕೆ ಅದರ ಮೇಲೆ ಶಿಲೀಂಧ್ರ ಬೆಳೆಯುತ್ತದೆ, ಕೆಲವು ತಿಂಗಳಿಗೆ ಸೋರಲು ಶುರುವಾಗುತ್ತದೆ. ಕಾಫಿ ಕುಡಿದೊಡನೆ ಕೆಮ್ಮು ಬಂದರೆ ಬದಲಾಯಿಸಲು ಹೊತ್ತಾಯಿತು ಎಂದರ್ಥ. ಆಮದಾಗುವ ವಾಲ್ವಿನ ಬೆಲೆ ಸಾವಿರಗಳಲ್ಲಿ. ಶೆಡ್‌ನಲ್ಲಿ ದುಡಿಯುವವರು ವರ್ಷ ವರ್ಷ ಅಷ್ಟು ಹಣ ಎಲ್ಲಿಂದ ತರಬೇಕು? ಈ ಪ್ರಶ್ನೆಯನ್ನು ಹಿಡಿದು ಹೊರಟವರು ನಮ್ಮದೇ ಬೆಂಗಳೂರಿನ ಕ್ಯಾನ್ಸರ್ ಶಸ್ತ್ರಚಿಕಿತ್ಸಕ ಡಾ. ವಿಶಾಲ್ ರಾವ್. ಉದ್ಯಮಿ ಶಶಾಂಕ್ ಮಹೇಶ್ ಜೊತೆ ಸೇರಿ ಅವರು ರೂಪಿಸಿದ ವಾಲ್ವಿನ ಬೆಲೆ ಸುಮಾರು 50 ರೂಪಾಯಿ ಎಂದು ದಶಕದ ಹಿಂದೆ ಸುದ್ದಿಯಾಗಿತ್ತು. ಅದಕ್ಕಿಟ್ಟ ಹೆಸರು ‘ಓಂ’. ಅ, ಉ, ಮ್ ಎಂದು ಬಿಡಿಸಿ ಹೇಳಿದರೆ ಇದೂ ತೆರೆದ ಗಂಟಲಿನಿಂದ ಮುಚ್ಚಿದ ತುಟಿಯವರೆಗಿನ ಪಯಣವೇ.

ಪ್ರಾಜೆಕ್ಟ್ ಎಂದರೆ ಡ್ರೋನ್, ರೋಬೊ ಎನ್ನುವ ನಮ್ಮ ತರಗತಿಯಲ್ಲಿ ನಾನು ಒಂದು ರಬ್ಬರ್ ವಾಲ್ವಿನ ಬಗ್ಗೆ ಮಾತೆತ್ತಿದರೆ ಗೆಳೆಯರು ನಗುತ್ತಾರೆ. ಆದರೆ ಒಬ್ಬ ಮನುಷ್ಯ ಮತ್ತೆ ಹೆಂಡತಿಯನ್ನು ಹೆಸರು ಹಿಡಿದು ಕರೆಯುವಂತೆ ಮಾಡಿದ ಎಂಜಿನಿಯರಿಂಗ್ ಅದು.

ನಗುವ ಗೆಳೆಯರಲ್ಲಿ ಕೆಲವರು ಬ್ರೇಕ್‌ನಲ್ಲಿ ಕಾಲೇಜಿನ ಹಿಂದಿನ ಟೀ ಅಂಗಡಿಗೆ ‘ಒಂದು ದಮ್’ ಎಳೆಯಲು ಹೋಗುತ್ತಾರೆ. ಕರ್ನಾಟಕದಲ್ಲಿ 2013ರಿಂದ ಗುಟ್ಕಾ ನಿಷೇಧವಿದೆ. 2025ರಿಂದ 21 ವರ್ಷದೊಳಗಿನವರಿಗೆ ಸಿಗರೇಟ್ ಮಾರುವಂತಿಲ್ಲ. ನಮ್ಮ ಬ್ಯಾಚಿನ ಹೆಚ್ಚಿನವರಿಗೆ 20. ಅಂಗಡಿಯಲ್ಲಿ ಯಾರೂ ವಯಸ್ಸು ಕೇಳುವುದಿಲ್ಲ.

ಕಾನೂನು ಕೇಳದಿದ್ದರೂ ಗಂಟಲಿನ ಮಾತನ್ನಾದರೂ ಕೇಳೋಣ. ದನಿ ಮೂರು ವಾರ ಕಳೆದರೂ ಒಡೆದೇ ಇದ್ದರೆ, ನುಂಗುವಾಗ ನೋವಿದ್ದರೆ, ಬಾಯಿಯ ಹುಣ್ಣು ಮಾಯದಿದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಆರಂಭದಲ್ಲೇ ಗೊತ್ತಾದರೆ ಎಷ್ಟೋ ಸಲ ಧ್ವನಿಪೆಟ್ಟಿಗೆ ಉಳಿಸಿಕೊಂಡೇ ಕ್ಯಾನ್ಸರ್ ವಾಸಿ ಮಾಡಬಹುದು. ನಮ್ಮ ದೊಡ್ಡಪ್ಪ ಆರು ತಿಂಗಳು ಮೆಣಸಿನ ಕಷಾಯ ಕುಡಿದುಕೊಂಡೇ ಕಾದಿದ್ದರು.