ವಾಚಕಜಾಲಗಳಲ್ಲಿ ಕನ್ನಡ ಗ್ರಂಥಸೂಚಿಯ ತೊಡಕುಗಳು

ಓದಿದ ಪುಸ್ತಕಗಳನ್ನು ಪಟ್ಟಿಮಾಡಿ, ವಿಮರ್ಶೆ ಬರೆದು, ಐದು ನಕ್ಷತ್ರಗಳೊಳಗೆ ಬೆಲೆಕಟ್ಟುವುದಕ್ಕೆ ಅವಕಾಶವುಳ್ಳ ವಾಚಕಜಾಲಗಳು ಈ ಶತಮಾನದಲ್ಲಿ ಬಳಕೆಗೆ ಬಂದಿರುವುವು. 2005ರಲ್ಲಿ ಆರಂಭವಾದ ಲೈಬ್ರರಿಥಿಂಗ್, 2007ರಲ್ಲಿ ತೆರೆದ ಗುಡ್‌ರೀಡ್ಸ್ ಎಂಬಿವು ಇವುಗಳಲ್ಲಿ ಪ್ರಸಿದ್ಧವಾದುವು. ಇಲ್ಲಿ ವಿಮರ್ಶೆಯು ನೇರವಾಗಿ ಗ್ರಂಥಕ್ಕಲ್ಲ, ಗ್ರಂಥದ ನಮೂದಿಗೆ ಸೇರುವುದು. ಒಂದೇ ಗ್ರಂಥಕ್ಕೆ ಎರಡು ನಮೂದುಗಳಾದರೆ ವಿಮರ್ಶೆಯೂ ಎರಡೆಡೆ ಹಂಚಿಹೋಗುವುದು. ಕನ್ನಡ ವಾಚಕರ ಬೇಸರಕ್ಕೆ ಇದೇ ಮುಖ್ಯ ಕಾರಣ.

ಮೊದಲನೆಯ ತೊಡಕು ಲಿಪಿಯದು. ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಂಬ ನಾಲ್ಕು ಹೆಸರುಗಳಿಂದಲೇ ಇದು ಸ್ಪಷ್ಟವಾಗುವುದು. ವಾಡಿಕೆಯ ರೋಮನ್ ಬರಹದಲ್ಲಿ ದಾಂಡೇಲಿಯ ದಕಾರ ಡಕಾರಗಳೆರಡಕ್ಕೂ ಒಂದೇ ಅಕ್ಷರ. ಅದರ ಲಕಾರಕ್ಕೂ ಹಳಿಯಾಳದ ಳಕಾರಕ್ಕೂ ಒಂದೇ ಅಕ್ಷರ. ಮುಂಡಗೋಡದ ನಡುವಣ ಅಕಾರವನ್ನು ಕೆಲವರು ಬರೆಯುವರು, ಕೆಲವರು ಬಿಡುವರು. ಇನ್ನು ಜೋಯಿಡಾ ತಾಲ್ಲೂಕಿಗೆ ಹಿಂದೆ ಸೂಪಾ ಎಂಬ ಹೆಸರಿದ್ದಿತು. ಕಾಳೀನದಿಯ ಅಣೆಕಟ್ಟಿನಿಂದ ಸೂಪಾ ಊರು ಮುಳುಗಿದ ಮೇಲೆ ಜೋಯಿಡಾ ಕೇಂದ್ರವಾಯಿತು. ಎರಡು ಹೆಸರುಗಳೂ ಒಂದೇ ಪ್ರದೇಶದವೆಂಬುದನ್ನು ಯಂತ್ರವು ತಾನಾಗಿ ಅರಿಯದು. ಊರಿನ ಹೆಸರಿಗೆ ಸಲ್ಲುವ ಈ ಮಾತು ಗ್ರಂಥದ ಹೆಸರಿಗೂ ಸಲ್ಲುವುದು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಾಕ್ಷರಗಳಿಗೆ ಸ್ಥಾನ ದೊರೆತಿದ್ದರೂ ರೋಮನ್ ನಮೂದುಗಳ ರೂಢಿಯು ಇನ್ನೂ ಹೋಗಿಲ್ಲ.

ಎರಡನೆಯದು ಕರ್ತೃವಿನ ಹೆಸರು. ಕುವೆಂಪು ಎಂದರೂ ಕೆ. ವಿ. ಪುಟ್ಟಪ್ಪ ಎಂದರೂ ಒಬ್ಬರೇ, ಅಂಬಿಕಾತನಯದತ್ತರು ದ. ರಾ. ಬೇಂದ್ರೆಯವರೇ. ಸಾಹಿತ್ಯವಿದ್ಯಾರ್ಥಿಗೆ ಇದು ತಿಳಿದ ಸಂಗತಿ, ಯಂತ್ರಕ್ಕಾದರೋ ಹೇಳಿಕೊಡಬೇಕು. ಇದಕ್ಕೆ ವಿರುದ್ಧವಾಗಿ, ಒಂದೇ ಹೆಸರಿನ ಇಬ್ಬರು ಲೇಖಕರು ಒಬ್ಬರಾಗಿ ಬೆರೆತುಹೋಗುವುದೂ ಉಂಟು. ಇವರನ್ನು ಬೇರ್ಪಡಿಸಲು ಗುಡ್‌ರೀಡ್ಸ್‌ನಲ್ಲಿ ಹೆಸರಿನ ಪದಗಳ ನಡುವೆ ಹೆಚ್ಚಿನ ತೆರಪನ್ನು ಬಿಡುವ ಪದ್ಧತಿಯಿದೆ; ಕಣ್ಣಿಗೆ ಕಾಣದ ಇಂತಹ ಭೇದವನ್ನು ಹೊಸಬರು ಅರಿಯುವುದು ಕಷ್ಟ. ನಮೂದನ್ನು ತಿದ್ದುವ ಪೂರ್ಣಾಧಿಕಾರವೂ ಅಲ್ಲಿ ಎಲ್ಲ ಸದಸ್ಯರಿಗಿಲ್ಲ. ಗ್ರಂಥಪಾಲಕರೆಂದು ಅಂಗೀಕೃತರಾದ ಸ್ವಯಂಸೇವಕರಿಗೆ ಮಾತ್ರ ಉಂಟು.

ಮೂರನೆಯದು ಆವೃತ್ತಿಯ ಪ್ರಶ್ನೆ. ಗ್ರಂಥಗಳ ಅಂತರರಾಷ್ಟ್ರೀಯ ಕ್ರಮಸಂಖ್ಯೆಯು ನಿಯತವಾದದ್ದು 1970ರಲ್ಲಿ. 1936ರಲ್ಲಿ ಪ್ರಕಟವಾದ ಕಾನೂರು ಹೆಗ್ಗಡಿತಿಯಂತಹ ಕೃತಿಗಳ ಹಳೆಯ ಮುದ್ರಣಗಳಿಗೆ ಅದು ಇರಲಾರದು. ಹಾಳೆಗಳನ್ನು ಹೊಲಿಯದೆ ಬಿಡಿಯಾಗಿ ಬಟ್ಟೆಯಲ್ಲಿ ಕಟ್ಟಿಡುವ ಟಿಬೆಟನ್ ಪೋಥಿಗಳು ಮುಂಡಗೋಡದ ಬೌದ್ಧಮಠಗಳಲ್ಲಿ ಇಂದಿಗೂ ಪಠನದಲ್ಲಿವೆ. ನಮ್ಮ ಓಲೆಯ ಕಟ್ಟುಗಳಂತೆ ಇವಕ್ಕೂ ಮುಖಪುಟ, ಪುಟಸಂಖ್ಯೆ ಮುಂತಾದ ಅಂಕಣಗಳು ಸರಿಹೊಂದವು. ಆದರೆ ನಮೂದುಗಳನ್ನೆಲ್ಲ ಒಂದುಗೂಡಿಸುವುದರಿಂದಲೇ ತೊಡಕು ತೀರದು. ಹಾಗೆ ಕೂಡಿಸಿದಾಗ ಮೂಲಕೃತಿ, ಅನುವಾದ, ತಪ್ಪುತುಂಬಿದ ಮರುಮುದ್ರಣ ಎಲ್ಲಕ್ಕೂ ಸೇರಿ ಒಂದೇ ಸರಾಸರಿ ಬರುವುದು. ಅಚ್ಚಿನ ದೋಷಕ್ಕಾಗಿ ಕಡಿಮೆಯಾದ ನಕ್ಷತ್ರವು ಕವಿಯ ಲೆಕ್ಕಕ್ಕೆ ಬೀಳುವುದು. ಬೇರೆಯಿಟ್ಟರೆ ಓದುಗರು ಚದರುವರು. ಕೂಡಿಸಿದರೆ ಗುಣದೋಷಗಳು ಬೆರೆಯುವುವು.

ಆದುದರಿಂದ ಕೃತಿಯನ್ನೂ ಅದರ ಆವೃತ್ತಿಯನ್ನೂ ಬೇರೆಬೇರೆಯಾಗಿ ಗುರುತಿಸಿ, ಎರಡಕ್ಕೂ ಸಂಬಂಧವನ್ನು ತೋರಿಸತಕ್ಕದ್ದು. ಶೀರ್ಷಿಕೆಯನ್ನು ಮೊದಲು ಕನ್ನಡ ಲಿಪಿಯಲ್ಲಿ, ಅನಂತರ ರೋಮನ್ ಲಿಪಿಯಲ್ಲಿ ಕೊಡಬೇಕು. ವಿಮರ್ಶಕನು ತಾನು ಓದಿದ್ದು ಯಾವ ಮುದ್ರಣವೆಂಬುದನ್ನು ಮೊದಲ ವಾಕ್ಯದಲ್ಲಿಯೇ ಹೇಳಿದರೆ, ನಮೂದು ಕೆಟ್ಟಾಗಲೂ ಅವನ ಮಾತು ಕೆಡದು. 1907ರಲ್ಲಿ ಮೊದಲ ಸಂಪುಟವು ಹೊರಬಂದ ಕರ್ಣಾಟಕ ಕವಿಚರಿತೆಯು ಕವಿಗಳ ಹೆಸರು, ಕಾಲ, ಕೃತಿಗಳನ್ನು ಒಂದೆಡೆ ನಿರ್ಣಯಿಸಿಕೊಟ್ಟುದರಿಂದ ಮುಂದಿನ ವಿಮರ್ಶೆಗೆ ನೆಲೆ ದೊರೆಯಿತು. ಜಾಲದಲ್ಲಿಯೂ ಆ ಕೆಲಸವೇ ಮೊದಲು ನಡೆಯಬೇಕಾಗಿದೆ. ಅದಕ್ಕೆ ಬೇಕಾದ ತಿಳಿವಳಿಕೆಯು ಸಾಹಿತ್ಯದ ಅಧ್ಯಾಪಕರಲ್ಲಿ ಈಗಾಗಲೇ ಇರುವುದು.